ಬಾಗಿಲು ಮುಚ್ಚದಿದ್ದರೆ: ಜಪಾನಿನ ಪ್ರಶ್ನೆಗೆ ಬಿಜಾಪುರದ ಸಾಕ್ಷ್ಯ

ಜಪಾನಿನ ಧರ್ಮಸಭೆಯ ಇತಿಹಾಸವನ್ನು ಗುರುಮಠದ ತರಗತಿಯಲ್ಲಿ ಬೋಧಿಸುವಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. 1639ರಲ್ಲಿ ತೊಕುಗಾವ ಪ್ರಭುತ್ವವು ಪೋರ್ಚುಗೀಸ್ ಹಡಗುಗಳಿಗೆ ತನ್ನ ಬಂದರುಗಳನ್ನು ಮುಚ್ಚದೆ ಇದ್ದಿದ್ದರೆ ಏನಾಗುತ್ತಿತ್ತು? ಶಿಮಬಾರದಲ್ಲಿ ದಂಗೆಯೆದ್ದ ರೈತರಿಗೆ ಮಕಾವಿನಿಂದ ನೆರವು ಬಂದಿದ್ದರೆ? ರೇಷ್ಮೆ ಮತ್ತು ಬೆಳ್ಳಿಯ ಆ ವ್ಯಾಪಾರ ಇನ್ನೂ ನೂರು ವರ್ಷ ನಡೆದಿದ್ದರೆ? ಪ್ರಶ್ನೆಯ ಒಳಗೇ ಉತ್ತರ ಅಡಗಿ ಕುಳಿತಿರುತ್ತದೆ: ಬಾಗಿಲು ತೆರೆದೇ ಇದ್ದಿದ್ದರೆ ಜಪಾನ್ ಇಂದು ಕ್ರೈಸ್ತ ನಾಡಾಗಿರುತ್ತಿತ್ತು. ನಾವೂ ಹಲವು ವರ್ಷ ಈ ಉತ್ತರಕ್ಕೆ ತಲೆದೂಗಿದವರೇ. ಕೇಳುವವರಿಗೆ ಅದು ಸಮಾಧಾನ ಕೊಡುತ್ತಿತ್ತು, ಹೇಳುವವರಿಗೆ ಸುಲಭವಾಗಿತ್ತು.

ಈ ಉತ್ತರವನ್ನು ವಿಮರ್ಶೆಗೆ ಒಡ್ಡಬೇಕೆಂಬ ಬುದ್ಧಿ ನಮಗೆ ಬಂದದ್ದು ಪುಸ್ತಕದ ಕೋಣೆಯಲ್ಲಲ್ಲ, ವಿಜಯಪುರದ ಶೆರ್ಜಾ ಬುರುಜಿನ ಮೇಲೆ. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ಅದೇ ವರ್ಷದ ಆಗಸ್ಟ್ 15ರಂದು, ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಜೇವಿಯರರು ಜಪಾನಿನ ಕಗೋಶಿಮದಲ್ಲಿ ಕಾಲಿರಿಸಿದರು. ನಮ್ಮೊಂದಿಗೆ ಬಂದಿದ್ದ ಗುರುವಿದ್ಯಾರ್ಥಿಯೊಬ್ಬರು ತೋಪಿನ ಬಾಯಲ್ಲಿ ಕೆತ್ತಿದ ಆನೆ ನುಂಗುವ ಸಿಂಹವನ್ನು ನೋಡುತ್ತ, “ಜಪಾನ್ ಬಾಗಿಲು ಮುಚ್ಚಿತು, ಸರಿ ಫಾದರ್. ಇಲ್ಲಿ ಯಾರು ಮುಚ್ಚಿದರು?” ಎಂದು ಕೇಳಿದರು. ಆ ಕ್ಷಣಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ವಿದ್ಯಾರ್ಥಿಗೆ ತಡವಾಗಿ ಕೊಡುತ್ತಿರುವ ಉತ್ತರ.

‘ಆಗಿದ್ದರೆ’ ಎಂಬ ಮಾತಿನ ದೈವಶಾಸ್ತ್ರ

ನಡೆಯದೆ ಹೋದದ್ದನ್ನು ಕಲ್ಪಿಸಿಕೊಂಡು ಬರೆಯುವ ಪರ್ಯಾಯ ಚರಿತ್ರೆಯನ್ನು ಕೇವಲ ಮನರಂಜನೆಯೆಂದು ತಳ್ಳಿಹಾಕುವುದು ನಮಗೆ ಸಲ್ಲದು. ಪವಿತ್ರ ಗ್ರಂಥವೇ ಅಂಥ ಮಾತನ್ನು ಆಡುತ್ತದೆ. ಸಮುವೇಲನ ಮೊದಲನೆಯ ಗ್ರಂಥದ 23ನೆಯ ಅಧ್ಯಾಯದಲ್ಲಿ ದಾವೀದನು ಕೆಯೀಲಾ ಊರಿನಲ್ಲಿದ್ದಾಗ, ಸೌಲನು ಇಲ್ಲಿಗೆ ಬರುವನೇ, ಊರಿನವರು ನನ್ನನ್ನು ಅವನ ಕೈಗೆ ಒಪ್ಪಿಸುವರೇ ಎಂದು ದೇವರನ್ನು ವಿಚಾರಿಸುತ್ತಾನೆ. ಹೌದೆಂಬ ಉತ್ತರ ಬರುತ್ತದೆ. ದಾವೀದನು ಊರು ಬಿಡುತ್ತಾನೆ. ಸೌಲನು ಬರುವುದೇ ಇಲ್ಲ. ಎಂದೂ ನಡೆಯದ ಸಂಗತಿಯೊಂದು ಅಲ್ಲಿ ಸತ್ಯವಾಗಿ ನಿಂತಿದೆ. ಮತ್ತಾಯನ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಖೊರಾಜಿನ್ ಮತ್ತು ಬೆತ್ಸಾಯಿದ ಊರುಗಳನ್ನು ಗದರಿಸುತ್ತ, ಇಲ್ಲಿ ನಡೆದ ಮಹತ್ಕಾರ್ಯಗಳು ಟೈರ್ ಮತ್ತು ಸಿದೋನ್ ಪಟ್ಟಣಗಳಲ್ಲಿ ನಡೆದಿದ್ದರೆ ಆ ಜನ ಎಂದೋ ಪಶ್ಚಾತ್ತಾಪ ಪಡುತ್ತಿದ್ದರು ಎನ್ನುತ್ತಾರೆ.

ಈ ವಚನಗಳನ್ನೇ ಆಧಾರವಾಗಿಟ್ಟುಕೊಂಡು ಯೇಸುಸಭೆಯ ಲೂಯಿಸ್ ದೆ ಮೊಲಿನಾ ಅವರು 1588ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದ ‘ಕೊಂಕೊರ್ದಿಯಾ’ ಗ್ರಂಥದಲ್ಲಿ ದೇವರ ‘ಮಧ್ಯಜ್ಞಾನ’ದ ಸಿದ್ಧಾಂತವನ್ನು ಕಟ್ಟಿದರು. ಯಾವ ಸನ್ನಿವೇಶದಲ್ಲಿ ಯಾವ ಸ್ವತಂತ್ರ ಜೀವಿ ಏನು ಮಾಡುತ್ತಿತ್ತು ಎಂಬುದನ್ನು ದೇವರು ಬಲ್ಲರು ಎಂಬುದೇ ಅದರ ಸಾರ. ಡೊಮಿನಿಕನ್ ಸಭೆಯ ಪಂಡಿತರು ಇದನ್ನು ತೀವ್ರವಾಗಿ ವಿರೋಧಿಸಿದರು. ದೇವಕೃಪೆಯನ್ನು ಕುರಿತ ಆ ವಿವಾದ ರೋಮಿನ ಮುಂದೆ 1607ರವರೆಗೂ ನಡೆಯಿತು. ಆ ವಿವಾದವನ್ನು ಇಲ್ಲಿ ಮತ್ತೆ ತೆರೆಯುವುದು ನಮ್ಮ ಉದ್ದೇಶವಲ್ಲ. ಎರಡು ಪಕ್ಷಗಳೂ ಒಪ್ಪಿದ ಒಂದು ಅಂಶ ಮಾತ್ರ ನಮಗೆ ಬೇಕು: ‘ಆಗಿದ್ದರೆ’ ಎಂಬುದರ ನಿಶ್ಚಿತ ಜ್ಞಾನ ದೇವರಿಗೆ ಸೇರಿದ್ದು. ನಮ್ಮ ಪಾಲಿಗೆ ಇರುವುದು ಊಹೆ. ಆದಕಾರಣ ನಮ್ಮ ಊಹೆಗೆ ಪರೀಕ್ಷೆ ಬೇಕು.

ಪರೀಕ್ಷೆಯ ಮಾನದಂಡವೂ ಆ ವಚನಗಳಲ್ಲಿಯೇ ಇದೆ. ದಾವೀದನು ಕೇಳಿದ್ದು ಆಗ ನಿಜವಾಗಿ ತೆರೆದಿದ್ದ ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು. ಕನಸು ಕಾಣಲು ಅಲ್ಲ. ಪ್ರಭು ಹೇಳಿದ ‘ಆಗಿದ್ದರೆ’ ಕೇಳುಗರ ಕಡೆಗೇ ತಿರುಗಿತ್ತು. ಟೈರಿನವರು ತಪ್ಪಿಸಿಕೊಂಡ ಭಾಗ್ಯಕ್ಕಾಗಿ ಅವರು ಅಲ್ಲಿ ಮರುಗಲಿಲ್ಲ. ಎಲ್ಲವನ್ನೂ ಕಣ್ಣಾರೆ ಕಂಡೂ ಬದಲಾಗದ ಖೊರಾಜಿನನ್ನು ಎಚ್ಚರಿಸಿದರು. ಆದುದರಿಂದ ಒಂದು ಪರ್ಯಾಯ ಚರಿತ್ರೆಯನ್ನು ಓದುವಾಗ ನಾವು ಎರಡು ಪ್ರಶ್ನೆ ಕೇಳಬೇಕು. ಅದು ಹೇಳುವ ದಾರಿ ಆ ಕಾಲದಲ್ಲಿ ನಿಜವಾಗಿ ಇತ್ತೇ? ಅದರ ಬೆರಳು ಯಾರ ಕಡೆ ಚಾಚಿದೆ, ಇತರರ ಕಡೆಯೋ ನಮ್ಮ ಕಡೆಯೋ?

ಜಪಾನಿನ ಪರ್ಯಾಯ ಕಥೆ

ಈ ಎರಡು ಪ್ರಶ್ನೆಗಳೊಂದಿಗೆ ಜಪಾನಿನ ಕಥೆಗೆ ಮರಳೋಣ. 1543ರಲ್ಲಿ ತನೆಗಶಿಮ ದ್ವೀಪಕ್ಕೆ ಬಂದ ಪೋರ್ಚುಗೀಸರು ಜಪಾನಿಗೆ ತಂದದ್ದು ಬಂದೂಕು. ಆರು ವರ್ಷಗಳ ಬಳಿಕ ಬಂದದ್ದು ಶುಭಸಂದೇಶ. 1571ರಲ್ಲಿ ನಾಗಸಾಕಿಯ ಬಂದರು ಪೋರ್ಚುಗೀಸ್ ವ್ಯಾಪಾರಕ್ಕೆ ತೆರೆಯಿತು. 1580ರಲ್ಲಿ ಅಲ್ಲಿಯ ಕ್ರೈಸ್ತ ದೊರೆ ಓಮುರ ಸುಮಿತದನು ಆ ಬಂದರನ್ನು ಯೇಸುಸಭೆಗೇ ಒಪ್ಪಿಸಿದನು. ಗೋವೆಯಿಂದ ಮಲಕ್ಕಾ, ಮಕಾವುಗಳ ಮೂಲಕ ಹೋಗುತ್ತಿದ್ದ ಹಡಗು ಚೀನದ ರೇಷ್ಮೆಯನ್ನು ಒಯ್ದು ಜಪಾನಿನ ಬೆಳ್ಳಿಯನ್ನು ತರುತ್ತಿತ್ತು. ಅದೇ ಹಡಗಿನಲ್ಲಿ ಗುರುಗಳೂ ಹೋಗುತ್ತಿದ್ದರು. ಅವರ ಕಾರ್ಯದ ಖರ್ಚಿಗೂ ಆ ರೇಷ್ಮೆಯ ಲಾಭದ ಪಾಲೇ ಆಧಾರವಾಗಿತ್ತು. ಹಡಗು ಬೇಕೆಂದ ದೊರೆಗಳು ಗುರುಗಳನ್ನೂ ಬರಮಾಡಿಕೊಂಡರು. 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಯ ವಿಶ್ವಾಸಿಗಳ ಸಂಖ್ಯೆಯನ್ನು ಸಾಮಾನ್ಯವಾಗಿ 3,00,000ದಷ್ಟು ಎಂದು ಅಂದಾಜಿಸುತ್ತಾರೆ.

ಮುಂದಿನದು ಎಲ್ಲರಿಗೂ ತಿಳಿದದ್ದೇ. 1587ರಲ್ಲಿ ಹಿದೆಯೋಶಿಯ ಮೊದಲ ಬಹಿಷ್ಕಾರದ ಆಜ್ಞೆ. 1597ರ ಫೆಬ್ರುವರಿ 5ರಂದು ನಾಗಸಾಕಿಯಲ್ಲಿ 26 ಮಂದಿಯ ಶಿಲುಬೆ ಮರಣ. ಅವರಲ್ಲಿ ಒಬ್ಬರು ನಮ್ಮ ಪಡುವಣ ಕರಾವಳಿಯ ವಸಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ. ಫ್ರಾನ್ಸಿಸ್ಕನ್ ಸಹೋದರರಾಗುವ ಮುನ್ನ ಅವರೂ ಪೂರ್ವ ಸಮುದ್ರದ ವ್ಯಾಪಾರಿಯಾಗಿದ್ದರು. 1614ರಲ್ಲಿ ಎಲ್ಲ ಗುರುಗಳಿಗೂ ಬಹಿಷ್ಕಾರ. 1637ರ ಕೊನೆಯಲ್ಲಿ ಶಿಮಬಾರದ ದಂಗೆ. ತೆರಿಗೆಯ ಭಾರ, ಹಸಿವು ಮತ್ತು ಧರ್ಮದ ಮೇಲಿನ ಕಿರುಕುಳ ಮೂರೂ ಕೂಡಿ ರೈತರನ್ನು ಎಬ್ಬಿಸಿದ್ದವು. ಹಾರಾ ಕೋಟೆಯೊಳಗೆ ಹೆಂಗಸರು ಮಕ್ಕಳೂ ಸೇರಿ 30,000ಕ್ಕೂ ಹೆಚ್ಚು ಜನ ಸೇರಿದ್ದರು. 1638ರ ಏಪ್ರಿಲಿನಲ್ಲಿ ಕೋಟೆ ಬಿದ್ದಾಗ ಬಹುತೇಕ ಯಾರೂ ಉಳಿಯಲಿಲ್ಲ. ಪ್ರಭುತ್ವದ ಕೋರಿಕೆಯಂತೆ ಆ ಕೋಟೆಯ ಮೇಲೆ ಗುಂಡು ಹಾರಿಸಿದ ಹಡಗು ಡಚ್ಚರದು, ಅವರೂ ಕ್ರೈಸ್ತರೇ. ಮರುವರ್ಷ ಪೋರ್ಚುಗೀಸರಿಗೆ ಬಾಗಿಲು ಮುಚ್ಚಿತು. 1641ರಿಂದ ಡಚ್ ವರ್ತಕರು ನಾಗಸಾಕಿಯ ದೆಜಿಮ ಎಂಬ ನಡುಗಡ್ಡೆಯಲ್ಲಿ ಕಟ್ಟುನಿಟ್ಟಿನ ಕಾವಲಿನಲ್ಲಿ ವ್ಯಾಪಾರ ಮುಂದುವರಿಸಿದರು.

ಈಗ ಮೊದಲ ಪ್ರಶ್ನೆ ಕೇಳೋಣ. ಶಿಮಬಾರಕ್ಕೆ ಮಕಾವಿನ ನೆರವು ಬರುವುದು ನಿಜವಾದ ದಾರಿಯಾಗಿತ್ತೇ? ಮಕಾವು ಬದುಕಿದ್ದೇ ನಾಗಸಾಕಿಯ ಬೆಳ್ಳಿಯಿಂದ. ತನ್ನ ಅನ್ನ ನೀಡುವ ದೊರೆಯ ವಿರುದ್ಧ ಅದು ಸೈನ್ಯ ಕಳುಹಿಸುವಂತಿರಲಿಲ್ಲ. 1640ರಲ್ಲಿ ಅದು ಕಳುಹಿಸಿದ್ದು ವ್ಯಾಪಾರವನ್ನು ಮತ್ತೆ ತೆರೆಯಿರೆಂದು ಬೇಡುವ ರಾಯಭಾರವನ್ನು. ಆ ತಂಡದ 61 ಮಂದಿಯ ತಲೆ ನಾಗಸಾಕಿಯಲ್ಲಿ ಉರುಳಿತು. ಒಂದು ವೇಳೆ ನೆರವು ಬಂದು ರೈತರು ಗೆದ್ದಿದ್ದರೂ ಅಲ್ಲಿ ನೆಲೆಗೊಳ್ಳುತ್ತಿದ್ದುದು ತೋಪಿನ ಆಸರೆಯ ಧರ್ಮಸಭೆ. ಅಂಥ ಧರ್ಮಸಭೆಯ ಮುಂದಿನ ಕಥೆ ನಮಗೆ ಊಹೆಯಲ್ಲ. ಗೋವೆಯಲ್ಲಿ ಅದನ್ನು ಕಂಡಿದ್ದೇವೆ.

ಎಂಡೊ ಕಂಡ ಕೆಸರು

ಈ ಪರ್ಯಾಯ ಕಥೆಗೆ ಸಾಹಿತ್ಯದಲ್ಲಿ ದೊರೆತ ಅತ್ಯಂತ ಗಂಭೀರ ಪ್ರತ್ಯುತ್ತರ ಶುಸಾಕು ಎಂಡೊ ಅವರ ‘ಮೌನ’ ಕಾದಂಬರಿ. 1966ರಲ್ಲಿ ಪ್ರಕಟವಾದ ಈ ಕೃತಿ 2016ರಲ್ಲಿ ಮಾರ್ಟಿನ್ ಸ್ಕೊರ್ಸೆಸೆಯವರ ಚಲನಚಿತ್ರವಾದ ಮೇಲೆ ನಮ್ಮ ಗುರುಮಠಗಳಲ್ಲಿಯೂ ಚರ್ಚೆಗೆ ಬಂದಿತು. ಚಿತ್ರಹಿಂಸೆಯಲ್ಲಿ ವಿಶ್ವಾಸ ತ್ಯಜಿಸಿದನೆಂಬ ಸುದ್ದಿಯಿರುವ ತನ್ನ ಗುರು ಫೆರೇರಾನನ್ನು ಹುಡುಕಿಕೊಂಡು ಹೊರಟ ರೊಡ್ರಿಗ್ಸ್ ಎಂಬ ತರುಣ ಯಾಜಕನ ಕಥೆ ಅದು. ಫೆರೇರಾ ಇತಿಹಾಸದ ವ್ಯಕ್ತಿ. 1633ರಲ್ಲಿ ಆತ ಕುಸಿದದ್ದೂ ನಿಜ. ರೊಡ್ರಿಗ್ಸನ ಹಿಂದೆ ಜುಸೆಪ್ಪೆ ಕಿಯಾರಾ ಎಂಬ ನಿಜವಾದ ಗುರುವಿನ ನೆರಳಿದೆ. ದಾಖಲೆ ಹೇಳದ ಒಳಮನಸ್ಸನ್ನು ಕಲ್ಪಿಸಿದ್ದರಿಂದ ‘ಮೌನ’ವೂ ಒಂದು ಬಗೆಯ ಪರ್ಯಾಯ ಚರಿತ್ರೆಯೇ.

ಕಾದಂಬರಿಯ ಹೃದಯದಲ್ಲಿರುವುದು ಒಂದು ವಾದ. ಜಪಾನ್ ಒಂದು ಕೆಸರು, ಇಲ್ಲಿ ಈ ಸಸಿ ಬೇರೂರದು ಎಂಬುದು ಫೆರೇರಾನ ಸೋಲಿನ ಮಾತು. ಬೇರೂರುತ್ತಿತ್ತು, ನೀವು ಕಿತ್ತುಹಾಕಿದಿರಿ ಎಂಬುದು ರೊಡ್ರಿಗ್ಸನ ಉತ್ತರ. ಒಬ್ಬನು ದೋಷವನ್ನು ಮಣ್ಣಿನ ಮೇಲೆ ಹೊರಿಸುತ್ತಾನೆ. ಇನ್ನೊಬ್ಬನು ಕಿತ್ತ ಕೈಯ ಮೇಲೆ. ಎಂಡೊ ಅವರ ಹಿರಿಮೆ ಇರುವುದು ಇಬ್ಬರನ್ನೂ ಗೆಲ್ಲಿಸದೆ, ಸೋತವನ ಪಕ್ಕದಲ್ಲಿ ನಿಂತ ಕ್ರಿಸ್ತನನ್ನು ಕಾಣಿಸಿದ್ದರಲ್ಲಿ. ಆ ಪುಟಗಳ ಮುಂದೆ ನಮ್ಮ ವಿಮರ್ಶೆ ತಲೆಬಾಗುತ್ತದೆ.

ಆದರೆ ವಾದದ ಚೌಕಟ್ಟನ್ನು ಒಪ್ಪುವುದು ಕಷ್ಟ. ಮಣ್ಣು ಮತ್ತು ಕಿತ್ತ ಕೈ ಎರಡನ್ನೇ ಹೆಸರಿಸಿದಾಗ ಮೂರನೆಯದೊಂದು, ಅಂದರೆ ನೆಟ್ಟವರ ಕೈ, ಹಿಂದೆ ಸರಿಯುತ್ತದೆ. ಕಾದಂಬರಿಯಲ್ಲಿ ರೊಡ್ರಿಗ್ಸ್ 1638ರಲ್ಲಿ ಗೋವೆಗೆ ಬರುತ್ತಾನೆ. ಶಿಮಬಾರದ ಸುದ್ದಿಯನ್ನು ಕೇಳುವುದು ಅಲ್ಲಿಯೇ. ಆದರೆ ಗೋವೆ ಅವನಿಗೆ ಹಡಗು ಬದಲಿಸುವ ತಾಣ ಮಾತ್ರ. ಗೋವೆಯ ಬೆನ್ನ ಹಿಂದೆ, ಘಟ್ಟದ ಮೇಲೆ ಹರಡಿದ್ದ ಬಿಜಾಪುರದ ರಾಜ್ಯದತ್ತ ಆತ ಕಣ್ಣೆತ್ತಿ ನೋಡುವುದಿಲ್ಲ. ನೋಡಿದ್ದರೆ, ಬಾಗಿಲು ಮುಚ್ಚದ ಜಪಾನ್ ಹೇಗಿರುತ್ತಿತ್ತು ಎಂಬ ಪ್ರಶ್ನೆಗೆ ಊಹೆಯ ಅಗತ್ಯವೇ ಇರುತ್ತಿರಲಿಲ್ಲ.

ಮುಚ್ಚದ ಬಾಗಿಲು

ಆದಿಲಶಾಹಿ ಮತ್ತು ಜಪಾನಿನ ಸ್ಥಿತಿಗಳಲ್ಲಿ ಆಶ್ಚರ್ಯಕರವಾದ ಹೋಲಿಕೆಗಳಿವೆ. ಬಿಜಾಪುರವೂ ಪೋರ್ಚುಗೀಸರೊಂದಿಗೆ ವ್ಯಾಪಾರ ಮಾಡಿತು, ಹೋರಾಡಿತು, ಒಪ್ಪಂದ ಮಾಡಿಕೊಂಡಿತು. 1510ರ ನವೆಂಬರ್ 25ರಂದು ಆಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದು ಆದಿಲಶಾಹಿಯಿಂದಲೇ. ಹೊರ್ಮುಜ್‌ನಿಂದ ಗೋವೆಗೆ ಬರುತ್ತಿದ್ದ ಕುದುರೆಗಳಿಗೆ ದಖ್ಖನಿನ ಅರಸರೆಲ್ಲ ಕಾದಿದ್ದರು. ರೇಷ್ಮೆ ಜಪಾನಿಗೆ ಏನಾಗಿತ್ತೋ ಕುದುರೆ ಇಲ್ಲಿಗೆ ಅದಾಗಿತ್ತು. 1570ರ ಕೊನೆಯಲ್ಲಿ ಒಂದನೆಯ ಅಲಿ ಆದಿಲಶಾಹನು ಗೋವೆಗೆ ಮುತ್ತಿಗೆ ಹಾಕಿದನು, 1571ರಲ್ಲಿ ಸಂಧಿಯಾಯಿತು. ನಾಗಸಾಕಿ ತೆರೆದದ್ದೂ ಅದೇ 1571ರಲ್ಲಿ. ಗೋವೆ ಬಿದ್ದಿದ್ದರೆ ನಾಗಸಾಕಿಯ ಕಥೆ ಏನಾಗುತ್ತಿತ್ತು ಎಂದು ಬೇಕಾದವರು ಕಾದಂಬರಿ ಬರೆಯಬಹುದು. ನಮ್ಮ ಗಮನ ಬೇರೆ ಕಡೆಗಿದೆ. ಇಷ್ಟೆಲ್ಲ ವೈರದ ನಡುವೆಯೂ ಆದಿಲಶಾಹಿಯು ಜಪಾನಿನ ರೀತಿಯಲ್ಲಿ ಕ್ರೈಸ್ತ ಧರ್ಮವನ್ನು ನಾಡಿನಾದ್ಯಂತ ನಿಷೇಧಿಸಲಿಲ್ಲ. ಪವಿತ್ರ ಚಿತ್ರಗಳನ್ನು ತುಳಿಯಿರೆಂದು ಇಲ್ಲಿ ಯಾರೂ ಆಜ್ಞಾಪಿಸಲಿಲ್ಲ.

ಬದಲಿಗೆ ಇದೇ ಅಲಿಯು ಗೋವೆಯ ಗುರುಗಳನ್ನು ಧರ್ಮಚರ್ಚೆಗಾಗಿ ತನ್ನ ಆಸ್ಥಾನಕ್ಕೆ ಕರೆಸಿಕೊಂಡನು. ಎರಡನೆಯ ಇಬ್ರಾಹಿಮನ ‘ಕಿತಾಬ್-ಎ-ನೌರಸ್’ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿತು. ನಗರದಿಂದ ತಿಕೋಟಾ ರಸ್ತೆಯಲ್ಲಿ ಹೊರಟರೆ ಸಿಗುವ ತೊರವಿಯಲ್ಲಿ ಅವನು ಕಟ್ಟಿಸಿದ ನೌರಸಪುರದ ಪಾಳುಗೋಡೆಗಳು ಇಂದೂ ನಿಂತಿವೆ. ಕುಮಟಗಿಯ ಜಲಮಹಲಿನ ಗೋಡೆಗಳಲ್ಲಿ ಯುರೋಪಿನ ಉಡುಗೆ ತೊಟ್ಟವರ ಮಾಸಿದ ಚಿತ್ರಗಳನ್ನು ಕಾಣಬಹುದು. ಮಹಮ್ಮದ್ ಆದಿಲಶಾಹನು ಕೊಂಕಣದ ಮಾವು ಮತ್ತು ಭತ್ತದ ಗದ್ದೆಗಳನ್ನು ಕಂಡು ಮೆಚ್ಚಿ, ಅವು ತನ್ನ ಬಯಲುಸೀಮೆಯಲ್ಲಿಯೂ ಬೆಳೆಯಲೆಂದು ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಕೆರೆ ಕಟ್ಟಿಸಿದನೆಂದು ಹೇಳುತ್ತಾರೆ. ಹೊರಗಿನದನ್ನು ಕಂಡು ಬೆದರಿದ ದರ್ಬಾರಲ್ಲ ಇದು.

ಬಾಗಿಲು ಗಟ್ಟಿಯಾಗಿ ಮುಚ್ಚಿದ್ದು ಗಡಿಯ ಆಚೆ ಬದಿಯಲ್ಲಿ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಆರಂಭವಾಯಿತು. ದೇವಾಲಯಗಳು ಉರುಳಿದವು, ತಮ್ಮ ದೇವರ ಮೂರ್ತಿಗಳನ್ನು ಹೊತ್ತ ಕುಟುಂಬಗಳು ಪೋರ್ಚುಗೀಸರ ಅಂಕೆಗೆ ಹೊರಗಿದ್ದ ಫೋಂಡಾ ಭಾಗಕ್ಕೂ ಕನ್ನಡ ಕರಾವಳಿಗೂ ಓಡಿಬಂದವು. 1583ರ ಜುಲೈ 15ರಂದು ಕುಂಕಳ್ಳಿಯಲ್ಲಿ ರುಡಾಲ್ಫ್ ಅಕ್ವವೀವಾ ಮತ್ತು ಅವರ ನಾಲ್ವರು ಸಂಗಡಿಗರು ಗ್ರಾಮಸ್ಥರ ಕೈಯಲ್ಲಿ ಮಡಿದರು. ಅವರನ್ನು ನಾವು ಪುನೀತರೆಂದು ಗೌರವಿಸುತ್ತೇವೆ. ಆದರೆ ಆ ಗ್ರಾಮಸ್ಥರ ದೇವಸ್ಥಾನಗಳು ಅದಕ್ಕೆ ಮೊದಲೇ ನಾಶವಾಗಿದ್ದವು ಎಂಬುದನ್ನೂ, ಬಳಿಕ ಅವರ ಮುಖಂಡರನ್ನು ಮಾತುಕತೆಗೆಂದು ಕರೆಸಿ ಕೊಂದರೆಂಬುದನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು. ಶಿಮಬಾರದ ರೈತರ ದಂಗೆಗೆ ಕಣ್ಣೀರಿಡುವವರು ಕುಂಕಳ್ಳಿಯ ರೈತರ ದಂಗೆಯನ್ನು ಬರಿಯ ಕ್ರೌರ್ಯವೆಂದು ಬರೆದರೆ ಅದು ಇತಿಹಾಸವಾಗದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಬಿಜಾಪುರ ಮುಸಲ್ಮಾನ ಅರಸರ ರಾಜ್ಯ. ಅಲ್ಲಿ ಮತಾಂತರಕ್ಕೆ ಅವಕಾಶವೆಲ್ಲಿತ್ತು ಎಂದು ಕೇಳಬಹುದು. ಅರಸರ ಮತದವರ ಮಟ್ಟಿಗೆ ಆ ಮಾತು ಸರಿ. ಆದರೆ ಪ್ರಜೆಗಳಲ್ಲಿ ಬಹುಪಾಲು ಜನ ಆ ಮತದವರಲ್ಲ. ಅವರ ನಡುವೆ ಸೂಫಿಗಳು ನಡೆದ ಬಗೆಯನ್ನು ನೋಡಿ. ಹೊರಗಿನಿಂದ ಬಂದ ಭಕ್ತಿಯನ್ನು ಅವರು ದಖನಿ ಮಾತಿನ ಚಕ್ಕೀನಾಮಾಗಳಲ್ಲಿ, ಅಂದರೆ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಹಾಡುಗಳಲ್ಲಿ ತುಂಬಿದರು. ಬೆಳಗಿನ ಜಾವದಲ್ಲಿ ಜೋಳ ಬೀಸುವ ಕೈಗೆ ಅದು ದಕ್ಕಿತು. ಆಸ್ಥಾನಕ್ಕೆ ಹೋದ ನಮ್ಮ ಗುರುಗಳು ಚರ್ಚೆಯಲ್ಲಿ ಗೆದ್ದಿರಲೂಬಹುದು. ಆದರೆ ಬೀಸುಕಲ್ಲಿನ ಬಳಿಗೆ ಅವರು ಹೋಗಲಿಲ್ಲ.

ಇದಾಲ್ಕಾನಿನ ಧರ್ಮಾಧ್ಯಕ್ಷ

ಹೋಗಬಹುದಾದ ದಾರಿಯೊಂದು ಇತ್ತು. ಇದು ಊಹೆಯಲ್ಲ, ಅದಕ್ಕೆ ಹೆಸರೂ ಇದೆ, ಅಧಿಕಾರಪತ್ರವೂ ಇದೆ. ಗೋವೆಯ ದಿವಾಡಿ ದ್ವೀಪದ ಮತೇವುಸ್ ದಿ ಕಾಸ್ತ್ರೊ ಅವರಿಗೆ ಗೋವೆಯಲ್ಲಿ ಯಾಜಕದೀಕ್ಷೆ ನಿರಾಕರಿಸಲ್ಪಟ್ಟಿತು. ಅವರು ರೋಮಿಗೆ ಹೋಗಿ ಗುರುವಾದರು. ಆ ಹೊತ್ತಿಗೆ, 1622ರಲ್ಲಿ ಸ್ಥಾಪನೆಯಾಗಿದ್ದ ಧರ್ಮಪ್ರಸಾರ ಪರಿಷತ್ತು, ಪೋರ್ಚುಗಲ್ಲಿನ ‘ಪದ್ರುವಾದೊ’ ಎಂಬ ರಾಜಪೋಷಕತ್ವದ ಹಿಡಿತದಿಂದ ಧರ್ಮಪ್ರಸಾರವನ್ನು ಬಿಡಿಸಲು ಯತ್ನಿಸುತ್ತಿತ್ತು. 1637ರಲ್ಲಿ ಕಾಸ್ತ್ರೊ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ಲತೀನ್ ಸಂಪ್ರದಾಯದಲ್ಲಿ ಭಾರತೀಯರೊಬ್ಬರು ಆ ಪದವಿಗೇರಿದ್ದು ಅದೇ ಮೊದಲು. ಅವರ ಪಾಲಿಗೆ ಬಂದದ್ದು ‘ಇದಾಲ್ಕಾನ್’ ಪ್ರಾಂತ್ಯ. ಆದಿಲಖಾನ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ಪಡೆದ ರೂಪ ಅದು. ಅರ್ಥಾತ್ ನಮ್ಮ ಬಿಜಾಪುರ.

ಕಾಲವನ್ನು ಗಮನಿಸಿ. 1637ರಲ್ಲಿಯೇ ಡಚ್ಚರು ಬಿಜಾಪುರದ ಅನುಮತಿಯಿಂದ ವೆಂಗುರ್ಲೆಯಲ್ಲಿ ಕೋಠಿ ತೆರೆದರು. ಅದೇ ವರ್ಷದ ಕೊನೆಗೆ ಶಿಮಬಾರ ಹೊತ್ತಿಕೊಂಡಿತು. ಜಪಾನಿನಲ್ಲಿ ಬಾಗಿಲು ಮುಚ್ಚುತ್ತಿದ್ದಾಗ ಇಲ್ಲಿ ನಾಡಿನ ಮಗನೇ ಧರ್ಮಾಧ್ಯಕ್ಷನಾಗಿ, ಅರಸನ ವಿರೋಧವಿಲ್ಲದೆ ಒಳಗೆ ಬರುವ ದಾರಿ ತೆರೆದಿತ್ತು. ಪರ್ಯಾಯ ಚರಿತ್ರೆ ಬಯಸುವುದೆಲ್ಲ ಇಲ್ಲಿ ಕೂಡಿಬಂದಿತ್ತು.

ಆದರೂ ಅದು ಫಲಿಸಲಿಲ್ಲ. ತಡೆದವರು ಸುಲ್ತಾನರಲ್ಲ. ಗೋವೆಯ ಅಧಿಕಾರಿಗಳು ಅವರ ಪದವಿಯನ್ನು ಒಪ್ಪಲಿಲ್ಲ. ಅವರಿಂದ ದೀಕ್ಷೆ ಪಡೆದ ಗುರುಗಳನ್ನು ಮಾನ್ಯ ಮಾಡಲಿಲ್ಲ. ಅವರು ಆದಿಲಶಾಹಿಗೆ ಸೇರಿದ್ದ ಬಿಚೋಲಿಯಲ್ಲಿ, ಗೋವೆಯ ಗಡಿಯಂಚಿನಲ್ಲಿ ನೆಲೆ ಮಾಡಿದರು. 1654ರಲ್ಲಿ ಬಿಜಾಪುರದ ಸೈನ್ಯ ಗೋವೆಯ ಮೇಲೆ ನುಗ್ಗಿದಾಗ ಅವರೇ ಅದನ್ನು ಪ್ರಚೋದಿಸಿದರೆಂದು ಪೋರ್ಚುಗೀಸರು ಆರೋಪಿಸಿದರು. ಕೊನೆಗೆ ಅವರು ಕಣ್ಮುಚ್ಚಿದ್ದು ರೋಮಿನಲ್ಲಿ.

ಕಾಸ್ತ್ರೊ ಅವರನ್ನು ನಿಷ್ಕಳಂಕ ವೀರನನ್ನಾಗಿ ಮಾಡಿದರೆ ನಾವೂ ಸುಲಭದ ಪರ್ಯಾಯ ಕಥೆಯನ್ನೇ ಬರೆದಂತಾಗುತ್ತದೆ. 1653ರ ಅವರ ‘ಬ್ರಾಹ್ಮಣರ ಕನ್ನಡಿ’ ಎಂಬ ಬರಹ ಗೋವೆಯ ಬ್ರಾಹ್ಮಣ ಮೂಲದ ಕ್ರೈಸ್ತರ ಮಾನಕ್ಕಾಗಿ ಹೋರಾಡಿತು. ಉಳಿದ ಜಾತಿಗಳ ವಿಶ್ವಾಸಿಗಳಿಗೆ ಆ ಕನ್ನಡಿಯಲ್ಲಿ ಸ್ಥಾನ ಸಿಗಲಿಲ್ಲ. ಅವರ ಜೀವಶಕ್ತಿಯ ಬಹುಭಾಗ ಗೋವೆಯೊಂದಿಗಿನ ಜಗಳದಲ್ಲಿ ಕರಗಿತು. ತಮ್ಮ ಹೆಸರಿನಲ್ಲಿದ್ದ ಇದಾಲ್ಕಾನಿನ ಒಳನಾಡಿಗಿಂತ ತಮ್ಮನ್ನು ಹೊರಗಿಟ್ಟ ಗೋವೆಯೇ ಅವರ ಕಣ್ಣಲ್ಲಿ ತುಂಬಿತ್ತು. ತಿರಸ್ಕಾರಕ್ಕೆ ಒಳಗಾದವನಿಗೆ ತಿರಸ್ಕರಿಸಿದವನ ಮನೆ ಬಾಗಿಲೇ ಲೋಕವಾಗಿಬಿಡುತ್ತದೆ. ಯಾಜಕರಾದ ನಮಗೆ ಈ ದೌರ್ಬಲ್ಯ ಅಪರಿಚಿತವಲ್ಲ.

ಇದನ್ನು ಜಪಾನಿನೊಂದಿಗೆ ಹೋಲಿಸಿದಾಗ ಕಥೆ ತಲೆಕೆಳಗಾಗುತ್ತದೆ. ವಾಲಿಞಾನೊ ಅವರ ಒತ್ತಾಸೆಯಿಂದ ಜಪಾನಿಯರಿಗೆ ಯಾಜಕತ್ವದ ಹಾದಿ ತೆರೆಯಿತು. 1601ರಲ್ಲಿಯೇ ಯೇಸುಸಭೆಯ ಇಬ್ಬರು ಜಪಾನಿಯರು ನಾಗಸಾಕಿಯಲ್ಲಿ ಗುರುದೀಕ್ಷೆ ಪಡೆದರು. ಊರೂರಿನಲ್ಲಿ ಶ್ರೀಸಾಮಾನ್ಯರ ಭಕ್ತಸಂಘಗಳು ಬೆಳೆದವು; ಪ್ರಾರ್ಥನೆ ಅವರ ಮಾತಿನಲ್ಲಿತ್ತು; ದೀಕ್ಷಾಸ್ನಾನ ಕೊಡಲು ಊರಿನವನೊಬ್ಬ ಇದ್ದ. ಆದುದರಿಂದ ಗುರುಗಳೆಲ್ಲ ಹೋದ ಮೇಲೂ ವಿಶ್ವಾಸ ಉಳಿಯಿತು. 1865ರ ಮಾರ್ಚ್ 17ರಂದು ನಾಗಸಾಕಿಯ ಓಉರಾ ದೇವಾಲಯಕ್ಕೆ ಬಂದ ಉರಕಾಮಿಯ ಹಳ್ಳಿಗರು, ತಾವೂ ಅದೇ ವಿಶ್ವಾಸದವರೆಂದು ಫಾದರ್ ಪೆತಿಜಾನ್ ಅವರಿಗೆ ಮೆಲ್ಲಗೆ ತಿಳಿಸಿದರು. ಎರಡು ಶತಮಾನಕ್ಕೂ ಮಿಕ್ಕ ಕಾಲ ಬಲಿಪೂಜೆಯಿಲ್ಲದೆ, ಗುರುವಿಲ್ಲದೆ ಅವರು ಬದುಕಿದ್ದರು. ಮುಚ್ಚಿದ ಬಾಗಿಲಿನ ಹಿಂದೆ ವಿಶ್ವಾಸ ಉಳಿದುಕೊಂಡಿತು. ತೆರೆದ ಬಾಗಿಲಿನ ಈ ನಾಡಿನಲ್ಲಿ ಅದು ಹಬ್ಬಲಿಲ್ಲ. ಬಾಗಿಲೇ ಎಲ್ಲವನ್ನೂ ನಿರ್ಧರಿಸಿತೆಂಬ ಪರ್ಯಾಯ ಚರಿತ್ರೆಗೆ ಇದಕ್ಕಿಂತ ಬೇರೆ ಖಂಡನೆ ಬೇಕಿಲ್ಲ.

ಇಲ್ಲಿ ಏನೂ ಉಳಿಯಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅಂದು ಆದಿಲಶಾಹಿಗೆ ಸೇರಿದ್ದ ಮುದಗಲ್ಲಿನಲ್ಲಿ, ಗೋವೆಯಿಂದ ಬಂದ ಧರ್ಮಪ್ರಚಾರಕರ ಕಾಲದ ನೆನಪನ್ನು ಹೊತ್ತ ಕ್ಯಾಥೋಲಿಕ ಸಮುದಾಯ ಇಂದಿಗೂ ಇದೆ. ದೊರೆಗಳು ಬದಲಾದರು, 1686ರಲ್ಲಿ ಬಿಜಾಪುರವೇ ಔರಂಗಜೇಬನ ವಶವಾಯಿತು, ಗೋವೆಯ ವೈಭವವೂ ಅಳಿಯಿತು. ಮುದಗಲ್ಲಿನ ಮನೆಗಳಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ. ಉರಕಾಮಿಯಲ್ಲಿ ಉಳಿದದ್ದೂ ಮುದಗಲ್ಲಿನಲ್ಲಿ ಉಳಿದದ್ದೂ ಮನೆಯೊಳಗೆ ಇಳಿದ ವಿಶ್ವಾಸವೇ.

ತಿಕೋಟಾದ ಕಸಿ

ಬುರುಜಿನಿಂದ ಇಳಿದ ಆ ದಿನ ನಾವು ತೊರವಿ ದಾಟಿ ತಿಕೋಟಾ ಕಡೆಗೆ ಹೋದೆವು, ಅಲ್ಲಿಂದ ಬಬಲೇಶ್ವರಕ್ಕೆ. ದಾರಿಯುದ್ದಕ್ಕೂ ದ್ರಾಕ್ಷಿಯ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಮಳೆ ಕಡಿಮೆಯಿರುವ ಈ ಸೀಮೆ ದ್ರಾಕ್ಷಿಯ ತವರಲ್ಲ. ಇಲ್ಲಿಯ ಥಾಮ್ಸನ್ ತಳಿ ಹೊರದೇಶದಿಂದ ಬಂದದ್ದು. ರೈತರು ಅದನ್ನು ನೇರವಾಗಿ ನೆಡುವುದಿಲ್ಲ. ಉಪ್ಪುನೀರನ್ನೂ ಬರವನ್ನೂ ತಾಳಿಕೊಳ್ಳುವ ಡಾಗ್ರಿಜ್ ಬೇರುಗಿಡವನ್ನು ಮೊದಲು ನೆಟ್ಟು, ಅದು ನೆಲ ಹಿಡಿದ ಮೇಲೆ ಅದರ ಕಾಂಡಕ್ಕೆ ಕಸಿ ಕಟ್ಟುತ್ತಾರೆ. ಬೇರಿಗೆ ಕೊಡಬೇಕಾದ ಕಾಲವನ್ನು ಕೊಡದೆ ಕಸಿ ಕಟ್ಟಿದರೆ ಬಳ್ಳಿ ಬಾಳುವುದಿಲ್ಲವೆಂದು ತೋಟದ ಹಿರಿಯರೊಬ್ಬರು ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಿದರು.

ಎಂಡೊ ಅವರ ಕೆಸರಿನ ವಾದಕ್ಕೆ ಇಲ್ಲಿ ಒಂದು ಉತ್ತರವಿದೆ. ಮಣ್ಣು ಕೆಟ್ಟದ್ದೋ ಒಳ್ಳೆಯದೋ ಎಂಬ ಪ್ರಶ್ನೆಗೆ ರೈತ ಅಂಟಿ ಕೂರುವುದಿಲ್ಲ. ಈ ಮಣ್ಣಿಗೆ ಯಾವ ಬೇರು, ಎಷ್ಟು ಕಾಲ ಎಂದು ಕೇಳುತ್ತಾನೆ. ನಾನೇ ದ್ರಾಕ್ಷಿಬಳ್ಳಿ ಎಂದ ಪ್ರಭುವಿನ ಹೆಸರಿನಲ್ಲಿ ಈ ನಾಡಿಗೆ ಬಂದವರು ಆ ಪ್ರಶ್ನೆಯನ್ನು ಸಾಕಷ್ಟು ಕೇಳಲಿಲ್ಲ. ಕೇಳಿದವರೂ ಇದ್ದರು: 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಮಿ ಅವರು ಕನ್ನಡ ಕಲಿತು ಕನ್ನಡದಲ್ಲಿ ಬರೆದರು. ಧರ್ಮಪ್ರಸಾರ ಪರಿಷತ್ತು 1659ರ ತನ್ನ ನಿರ್ದೇಶನದಲ್ಲಿ, ಧರ್ಮಕ್ಕೂ ನೀತಿಗೂ ನೇರವಾಗಿ ವಿರುದ್ಧವಲ್ಲದ ನಾಡಿನ ರೂಢಿಗಳನ್ನು ಬದಲಿಸಬಾರದೆಂದೂ ಯುರೋಪನ್ನು ಹೊತ್ತು ತರಬಾರದೆಂದೂ ಧರ್ಮಪ್ರಚಾರಕರಿಗೆ ತಿಳಿಹೇಳಿತು. ಆ ಅರಿವು ಬರುವಷ್ಟರಲ್ಲಿ ಇದಾಲ್ಕಾನಿನ ಅವಕಾಶ ಬಹುಪಾಲು ಕಳೆದುಹೋಗಿತ್ತು.

ಈಗ ಎರಡನೆಯ ಪ್ರಶ್ನೆ: ಬೆರಳು ಯಾರ ಕಡೆ? ಜಪಾನಿನ ಪರ್ಯಾಯ ಕಥೆ ತನ್ನ ಬೆರಳನ್ನು ಸದಾ ಷೋಗುನನ ಕಡೆ ಚಾಚುತ್ತದೆ. ಷೋಗುನನ ಕ್ರೌರ್ಯ ಸುಳ್ಳಲ್ಲ. ಆ ರಕ್ತಸಾಕ್ಷಿಗಳ ಮುಂದೆ ನಾವು ಮೊಣಕಾಲೂರುತ್ತೇವೆ. ಆದರೆ ವಿಶ್ವಾಸ ಬೆಳೆಯದ ಎಡೆಯಲ್ಲೆಲ್ಲ ಒಬ್ಬ ಷೋಗುನನನ್ನು ಹುಡುಕುವ ಅಭ್ಯಾಸವನ್ನು ಆ ಕಥೆ ನಮಗೆ ಕಲಿಸಿಬಿಟ್ಟಿದೆ. ಕಾಲ ಅನುಕೂಲವಾಗಿದ್ದರೆ, ಸರ್ಕಾರ ಬೇರೆಯಾಗಿದ್ದರೆ, ಜನ ಸ್ವಲ್ಪ ಮೆತ್ತಗಿದ್ದರೆ ಎಂದು ನಮ್ಮ ಗುರುಗಳ ಕೂಟಗಳಲ್ಲಿ ಕೇಳಿಬರುವ ಮಾತಿನ ಮೂಲ ಇದೇ. ಹಾಗೆ ಮಾತಾಡುವವರಲ್ಲಿ ನಾವೂ ಇದ್ದೇವೆ. ಈ ಸೀಮೆಯ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ಸೇವೆ ಮಾಡುತ್ತಿದ್ದಾಗ, ಭಕ್ತಾದಿಗಳ ಮನೆಯ ಜೋಳದ ರೊಟ್ಟಿಯನ್ನು ಉಂಡು ಅವರ ಮಾತಿನ ಲಯವನ್ನು ಕಲಿಯದೆ, ಬೇರೆಡೆಯಿಂದ ತಂದ ಪ್ರಬೋಧನೆಯನ್ನೇ ವರ್ಷಗಟ್ಟಲೆ ಓದಿದೆವು. ಅಲ್ಲಿ ಯಾವ ಷೋಗುನನೂ ಇರಲಿಲ್ಲ.

ಆದುದರಿಂದ ಗುರುವಿದ್ಯಾರ್ಥಿಗಳಿಗೆ ನಮ್ಮ ವಿನಂತಿ ಇಷ್ಟು. ‘ಮೌನ’ವನ್ನು ಓದಿರಿ, ಅದು ಪ್ರಾರ್ಥನೆಯಂತೆ ಓದಬೇಕಾದ ಕೃತಿ. ಪರ್ಯಾಯ ಚರಿತ್ರೆಗಳನ್ನೂ ಓದಿರಿ. ಅವು ಇತಿಹಾಸ ಕಲ್ಲಿನಲ್ಲಿ ಕೊರೆದದ್ದಲ್ಲವೆಂದು ಕಲಿಸುತ್ತವೆ. ಆದರೆ ಓದಿ ಮುಗಿಸಿದ ಮೇಲೆ ನಾಗಸಾಕಿಯಿಂದ ತೊರವಿಗೆ ಬನ್ನಿ. ಖೊರಾಜಿನ್ ಊರಿನವರಿಗೆ ಪ್ರಭು ಆಡಿದ ‘ಆಗಿದ್ದರೆ’ಯನ್ನು ಇಲ್ಲಿ ನಿಂತು ಕೇಳಿಸಿಕೊಳ್ಳಿ: ಇಲ್ಲಿ ಇದ್ದಷ್ಟು ಅವಕಾಶ ಉರಕಾಮಿಯ ಹಳ್ಳಿಗರಿಗೆ ಇದ್ದಿದ್ದರೆ?

ಆ ದಿನ ಬುರುಜಿನ ಮೇಲೆ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಹೀಗಿದೆ: ಇಲ್ಲಿ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದವರು ನಾವೇ. ಇದು ಹತಾಶೆಯ ಉತ್ತರವಲ್ಲ. ಷೋಗುನನು ಹಾಕಿದ ಅಗುಳಿಯನ್ನು ತೆಗೆಯುವುದು ನಮ್ಮ ಕೈಲಿಲ್ಲ. ನಾವು ಹಾಕಿದ್ದನ್ನು ನಾವು ತೆಗೆಯಬಹುದು.